ಬಂದೂಕಿಗೂ ಕಲ್ಲಿಗೂ ನಡುವೆ ನಿಂತವರು

(1/8)
ಒಂದು ಕಡೆ ಪೊಲೀಸರು. ಇನ್ನೊಂದು ಕಡೆ ಮೆರವಣಿಗೆ. ನಡುವೆ ಒಂದಿಷ್ಟು ಖಾಲಿ ರಸ್ತೆ. ಪ್ರತಿಭಟನೆಯ ಯಾವ ಫೋಟೋ ನೋಡಿದರೂ ನಮ್ಮ ಕಣ್ಣು ಲಾಠಿ ಮೇಲೆ ಹೋಗುತ್ತೆ, ಇಲ್ಲಾ ಘೋಷಣೆ ಕೂಗ್ತಿರೋ ಮುಖದ ಮೇಲೆ ಹೋಗುತ್ತೆ. ಆ ಖಾಲಿ ರಸ್ತೆಯಲ್ಲಿ ಯಾರಾದ್ರೂ ನಿಂತಿದ್ದಾರಾ ಅಂತ ನೋಡೋದೇ ಇಲ್ಲ. ಈ ಸಲದ ಸರಣಿ ಅಲ್ಲಿ ಹೋಗಿ ನಿಂತವರ ಬಗ್ಗೆ.

ಜಾಗ ದಕ್ಷಿಣ ಆಫ್ರಿಕಾ. ನಮಗೆ ಆ ದೇಶದ ಇತಿಹಾಸ ಅಂದ್ರೆ ಮಂಡೇಲಾ, 27 ವರ್ಷ ಜೈಲು, ಗಾಂಧೀಜಿಯನ್ನು ರೈಲಿಂದ ಇಳಿಸಿದ್ದು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಪೊಲೀಸರಿಗೂ ಜನಕ್ಕೂ ನಡುವೆ ಮಾತುಕತೆ ಹೇಗೆ ನಡೆಯುತ್ತೆ, ಹೇಗೆ ಮುರಿದು ಬೀಳುತ್ತೆ ಅನ್ನೋದನ್ನ ಅಷ್ಟು ದುಬಾರಿ ಬೆಲೆ ಕೊಟ್ಟು ಕಲಿತ ದೇಶಗಳು ಕಡಿಮೆ. ಕಲಿತದ್ದನ್ನು ಮರೆತದ್ದೂ ಇದೆ, ಅದು ಕೊನೆಯ ಭಾಗದಲ್ಲಿ ಬರುತ್ತೆ.

ಕ್ಯಾಪ್ಷನ್ ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

(2/8)
1960ರ ಮಾರ್ಚ್ 21. ಕಪ್ಪು ಜನ ಎಲ್ಲಿಗೆ ಹೋದರೂ ಜೇಬಿನಲ್ಲಿ ಪಾಸ್‌ಬುಕ್ ಇರಲೇಬೇಕು, ಇಲ್ಲದಿದ್ದರೆ ಜೈಲು ಅನ್ನೋ ಕಾನೂನಿನ ವಿರುದ್ಧ ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ (ಪಿಎಸಿ) ಚಳವಳಿ ಶುರು ಮಾಡಿತು. ಶಾರ್ಪ್‌ವಿಲ್ ಅನ್ನೋ ಊರಲ್ಲಿ ಪೊಲೀಸ್ ಠಾಣೆ ಮುಂದೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. 69 ಜನ ಸತ್ತರು ಅಂತ ಅಧಿಕೃತ ಲೆಕ್ಕ. ಎಷ್ಟೋ ಜನಕ್ಕೆ ಗುಂಡು ಬಿದ್ದದ್ದು ಬೆನ್ನಿಗೆ, ಅಂದರೆ ಓಡಿ ಹೋಗ್ತಿದ್ದವರಿಗೆ.

ಇದು ಪಠ್ಯಪುಸ್ತಕದಲ್ಲಿ ಸಿಗುತ್ತೆ. ಅದರ ನಂತರದ ಒಂಬತ್ತು ದಿನ ಕೇಪ್ ಟೌನ್‌ನಲ್ಲಿ ಏನಾಯ್ತು ಅನ್ನೋದು ಸಾಮಾನ್ಯವಾಗಿ ಸಿಗಲ್ಲ.

ಕೇಪ್ ಟೌನ್‌ನ ಅಂಚಿನಲ್ಲಿದ್ದ ಲಂಗಾದಲ್ಲಿ ಪಿಎಸಿಯ ಮುಂದಾಳು ಆಗಿದ್ದವನು ಫಿಲಿಪ್ ಕಗೋಸಾನ. ವಯಸ್ಸು 23. ಕೇಪ್ ಟೌನ್ ವಿಶ್ವವಿದ್ಯಾಲಯದಲ್ಲಿ ಓದಲು ಬಂದವನು, ಕೂಲಿ ಕಾರ್ಮಿಕರ ಹಾಸ್ಟೆಲ್‌ನಲ್ಲಿ ಇರ್ತಿದ್ದ. ಅವನ ಪ್ರಸಿದ್ಧ ಫೋಟೋದಲ್ಲಿ ಚಡ್ಡಿ ಹಾಕ್ಕೊಂಡಿದ್ದಾನೆ, ಜನ ಹೆಗಲ ಮೇಲೆ ಹೊತ್ತಿದ್ದಾರೆ. ನಮ್ಮ ಕ್ಲಾಸಲ್ಲಿ ಕೂತಿರೋ ಯಾರೋ ಸೀನಿಯರ್ ಥರ ಕಾಣ್ತಾನೆ.

ಮಾರ್ಚ್ 25ರಂದು ಸಾವಿರಾರು ಜನ ಊರಿನ ನಡುವಿನ ಕ್ಯಾಲೆಡನ್ ಸ್ಕ್ವೇರ್ ಪೊಲೀಸ್ ಠಾಣೆಗೆ ಬಂದರು. ‘ನಮ್ಮ ಹತ್ರ ಪಾಸ್ ಇಲ್ಲ, ಅರೆಸ್ಟ್ ಮಾಡಿ’ ಅನ್ನೋದು ಬೇಡಿಕೆ. ಅವತ್ತು ನಡುವೆ ಬಂದವನು ಪ್ಯಾಟ್ರಿಕ್ ಡಂಕನ್. ಬಿಳಿಯ, ಲಿಬರಲ್ ಪಾರ್ಟಿಯವನು, ‘ಕಾಂಟ್ಯಾಕ್ಟ್’ ಅನ್ನೋ ಪತ್ರಿಕೆಯ ಸಂಪಾದಕ, ಅಷ್ಟೇ ಅಲ್ಲ, ದೇಶದ ಮಾಜಿ ಗವರ್ನರ್ ಜನರಲ್‌ನ ಮಗ. ಯಾರೂ ಅವನನ್ನು ನೇಮಿಸಿರಲಿಲ್ಲ. ಇಬ್ಬರಿಗೂ ಪರಿಚಯ ಇತ್ತು ಅನ್ನೋದೇ ಅವನ ಅರ್ಹತೆ. ಪೊಲೀಸ್ ಅಧಿಕಾರಿ ಕರ್ನಲ್ ಟೆರ್‌ಬ್ಲಾಂಚ್ ಹತ್ರ ಮಾತಾಡಿದ, ಕಗೋಸಾನ ಹತ್ರ ಮಾತಾಡಿದ. ಪಾಸ್ ಇಲ್ಲದವರನ್ನು ಸದ್ಯಕ್ಕೆ ಹಿಡಿಯಲ್ಲ ಅಂತ ಒಪ್ಪಂದ ಆಯ್ತು. ಜನ ಮನೆಗೆ ಹೋದರು. ಮರುದಿನ ಇಡೀ ದೇಶದಲ್ಲೇ ಪಾಸ್ ಕಾನೂನಿನ ಜಾರಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು.

ಶಾರ್ಪ್‌ವಿಲ್ ಆಗಿ ಇನ್ನೂ ವಾರ ಕಳೆದಿರಲಿಲ್ಲ. ಒಂದು ಗುಂಡೂ ಹಾರದೆ ಇಷ್ಟು ಸಿಕ್ಕಿತು.

(3/8)
ಮಾರ್ಚ್ 30ರ ಬೆಳಗ್ಗೆ ಪೊಲೀಸರು ಲಂಗಾದ ಮನೆಗಳಿಗೆ ನುಗ್ಗಿ ಜನರನ್ನು ಹೊಡೆದರು, ಮುಖಂಡರನ್ನು ಎಳೆದೊಯ್ದರು. ಜನ ಊರ ಕಡೆ ನಡೆಯಲು ಶುರು ಮಾಡಿದರು. ದಾರಿಯಲ್ಲಿ ಸೇರ್ತಾ ಸೇರ್ತಾ 30,000 ಆಯ್ತು ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ. ಸಂಸತ್ತು ನಡೀತಿದ್ದ ದಿನ ಅದು. ಕಟ್ಟಡದ ಸುತ್ತ ಸೇನೆ ನಿಂತಿತ್ತು. ಕಗೋಸಾನ ಸಂಸತ್ತಿನ ಕಡೆ ತಿರುಗಿಸದೆ ಮೆರವಣಿಗೆಯನ್ನು ಮತ್ತೆ ಕ್ಯಾಲೆಡನ್ ಸ್ಕ್ವೇರ್‌ಗೇ ತಂದ.

ಟೆರ್‌ಬ್ಲಾಂಚ್ ಗುಂಡು ಹಾರಿಸುವ ಆದೇಶ ಕೊಡಲಿಲ್ಲ. ಹೊರಗೆ ಬಂದು 23ರ ಹುಡುಗನ ಹತ್ರ ಮರ್ಯಾದೆಯಿಂದ ಮಾತಾಡಿದ. ಕಗೋಸಾನ ಕೇಳಿದ್ದು: ನಮ್ಮ ಮುಖಂಡರನ್ನು ಬಿಡಿ, ನ್ಯಾಯ ಮಂತ್ರಿಯನ್ನು ಭೇಟಿ ಮಾಡಿಸಿ. ಮಂತ್ರಿ ಸಂಜೆ ಸಿಗ್ತಾರೆ, ಜನರನ್ನು ವಾಪಸ್ ಕಳಿಸು ಅಂದ ಟೆರ್‌ಬ್ಲಾಂಚ್. ಹುಡುಗ ನಂಬಿದ. ಪೊಲೀಸರದೇ ಧ್ವನಿವರ್ಧಕ ಹಿಡಿದು ಮನೆಗೆ ಹೋಗಿ ಅಂದ. ಅಷ್ಟೂ ಜನ ತಿರುಗಿ ಹೋದರು!

ಸಂಜೆ ಮಂತ್ರಿಯನ್ನು ನೋಡಲು ಬಂದ ಕಗೋಸಾನನನ್ನು ಅರೆಸ್ಟ್ ಮಾಡಿದರು. ಅವತ್ತೇ ತುರ್ತು ಪರಿಸ್ಥಿತಿ ಘೋಷಣೆ. ಲಂಗಾ ಸುತ್ತ ಸೇನೆಯ ಬೇಲಿ. ಏಪ್ರಿಲ್ 8ಕ್ಕೆ ಪಿಎಸಿ, ಎಎನ್‌ಸಿ ಎರಡೂ ನಿಷೇಧ. ಪಾಸ್ ಕಾನೂನು ವಾಪಸ್ ಬಂತು. ಮಧ್ಯಸ್ಥಿಕೆ ಮಾಡಿದ್ದ ಡಂಕನ್‌ಗೆ ಏನಾಯ್ತು ಗೊತ್ತಾ? ಬಿಳಿಯರ ಕಣ್ಣಲ್ಲಿ ಅವನು ದ್ರೋಹಿ. ಪಿಎಸಿಯ ಒಂದಷ್ಟು ಜನರ ಕಣ್ಣಲ್ಲಿ, ಹುಡುಗನ ತಲೆ ಕೆಡಿಸಿ ಕ್ರಾಂತಿಯನ್ನು ಮನೆಗೆ ಕಳಿಸಿದ ಬಿಳಿಯ.

ಇಲ್ಲಿ ಒಂದು ಪಕ್ಕದ ಮಾತು. ಇದೇ ದೇಶದಲ್ಲಿ 1908ರಲ್ಲಿ ಗಾಂಧೀಜಿ ಜನರಲ್ ಸ್ಮಟ್ಸ್ ಮಾತು ನಂಬಿ ಭಾರತೀಯರಿಗೆ ‘ಸ್ವಇಚ್ಛೆಯಿಂದ ನೋಂದಣಿ ಮಾಡಿಸಿ, ಕಾನೂನು ರದ್ದಾಗುತ್ತೆ’ ಅಂದಿದ್ದರು. ರಾಜಿ ಮಾಡ್ಕೊಂಡ್ರು ಅಂತ ಸಿಟ್ಟಾದ ಮೀರ್ ಆಲಂ ಅನ್ನೋ ಪಠಾಣ ಅವರನ್ನು ರಸ್ತೆಯಲ್ಲೇ ಹೊಡೆದು ಕೆಡವಿದ. ಕಾನೂನು ರದ್ದಾಗಲಿಲ್ಲ, ಅಂಥ ಮಾತೇ ಕೊಟ್ಟಿರಲಿಲ್ಲ ಅಂದ ಸ್ಮಟ್ಸ್. ಆಗಸ್ಟ್ 16ರಂದು ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿ ಮುಂದೆ ಸಾವಿರಾರು ನೋಂದಣಿ ಪತ್ರಗಳನ್ನು ಸುಟ್ಟರು. ಆ ತಾರೀಖು ನೆನಪಿಟ್ಟುಕೊಳ್ಳಿ, ಕಾಕತಾಳೀಯವಾಗಿ ಇನ್ನೊಮ್ಮೆ ಬರುತ್ತೆ.

(4/8)
1960ರ ನಂತರ ಸುಮಾರು ಮೂರು ದಶಕ ನಡುವಿನ ಜಾಗ ಬಹುತೇಕ ಖಾಲಿ. ಮಾತಾಡುವವರೆಲ್ಲ ಜೈಲಲ್ಲಿ, ಇಲ್ಲಾ ದೇಶದ ಹೊರಗೆ, ಇಲ್ಲಾ ಭೂಗತ. ಆದರೂ ಕೆಲವರು ಇದ್ದರು. ‘ಬ್ಲ್ಯಾಕ್ ಸ್ಯಾಶ್’ ಅನ್ನೋ ಬಿಳಿಯ ಹೆಂಗಸರ ಸಂಘಟನೆ 1955ರಲ್ಲೇ ಹುಟ್ಟಿತ್ತು. ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ ಹಾಕಿಕೊಂಡು ರಸ್ತೆ ಬದಿ ಸುಮ್ಮನೆ ನಿಲ್ಲೋದ್ರಿಂದ ಶುರುವಾಗಿ, 80ರ ದಶಕದ ಹೊತ್ತಿಗೆ ಕಪ್ಪು ಬಡಾವಣೆಗಳ ಅಂತ್ಯಕ್ರಿಯೆ, ಕೋರ್ಟು, ಠಾಣೆ ಎಲ್ಲ ಕಡೆ ಹೋಗಿ ನೋಡಿ ಬರೆದಿಡ್ತಿದ್ದರು.

1985ರ ಮಾರ್ಚ್ 21. ಶಾರ್ಪ್‌ವಿಲ್ ಆಗಿ ಸರಿಯಾಗಿ 25 ವರ್ಷ. ಯೂಟೆನ್‌ಹೇಗ್ ಬಳಿಯ ಲಂಗಾದಲ್ಲಿ (ಹೆಸರು ಒಂದೇ, ಕೇಪ್ ಟೌನ್‌ನ ಲಂಗಾ ಬೇರೆ) ಅಂತ್ಯಕ್ರಿಯೆಗೆ ಹೊರಟಿದ್ದ ಜನರ ಮೇಲೆ ಗುಂಡು ಹಾರಿಸಿ 20 ಜನರನ್ನು ಕೊಂದರು. ವಿಚಾರಣಾ ಆಯೋಗಕ್ಕೆ ಗೊತ್ತಾಗಿದ್ದು ಏನಂದ್ರೆ, ಆ ಪೊಲೀಸರಿಗೆ ಅಶ್ರುವಾಯು, ರಬ್ಬರ್ ಗುಂಡು ಕೊಟ್ಟೇ ಇರಲಿಲ್ಲ, ಅದೂ ಬೇಕಂತಲೇ. ಕೈಯಲ್ಲಿ ಬಂದೂಕು ಮಾತ್ರ ಇದ್ದರೆ ಮಾಡುವ ಕೆಲಸವೂ ಒಂದೇ ಆಗುತ್ತೆ. ಬ್ಲ್ಯಾಕ್ ಸ್ಯಾಶ್‌ನ ಮಾಲಿ ಬ್ಲ್ಯಾಕ್‌ಬರ್ನ್ ಅಲ್ಲಿನ ಜನರ ಹೇಳಿಕೆ ಸಂಗ್ರಹಿಸಲು ಓಡಾಡಿದವರಲ್ಲಿ ಒಬ್ಬರು. ಅದೇ ವರ್ಷ ಡಿಸೆಂಬರ್ 28ಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡರು. ಒಬ್ಬ ಬಿಳಿಯ ಹೆಂಗಸಿನ ಅಂತ್ಯಕ್ರಿಯೆಗೆ ಸಾವಿರಾರು ಕಪ್ಪು ಜನ ಬಂದದ್ದನ್ನು ಆ ದೇಶ ಅಲ್ಲಿವರೆಗೆ ನೋಡಿರಲಿಲ್ಲ.

ನಡುವೆ ನಿಲ್ಲೋದು ಅಂದ್ರೆ ಯಾವಾಗಲೂ ಪೊಲೀಸರ ಎದುರೇ ನಿಲ್ಲೋದಲ್ಲ. 1985ರ ಜುಲೈನಲ್ಲಿ ಡುಡುಜಾದಲ್ಲಿ ಜನರ ಗುಂಪು ಒಬ್ಬನನ್ನು ಪೊಲೀಸ್ ಮಾಹಿತಿದಾರ ಅಂತ ಹಿಡಿದು ಜೀವಂತ ಸುಡಲು ಹೊರಟಿತ್ತು. ಬಿಷಪ್ ಡೆಸ್ಮಂಡ್ ಟುಟು ತಮ್ಮ ನಿಲುವಂಗಿಯಲ್ಲೇ ಗುಂಪಿನೊಳಗೆ ನುಗ್ಗಿ ಅವನನ್ನು ಬಿಡಿಸಿದರು. ತಮ್ಮದೇ ಜನರಿಗೆ ಎದುರು ನಿಂತು.

(5/8)
ಈಗ ಸ್ವಲ್ಪ ಹಗುರವಾದ ಭಾಗ. 1989ರ ಸೆಪ್ಟೆಂಬರ್ 2, ಕೇಪ್ ಟೌನ್. ಪೊಲೀಸರು ನೇರಳೆ ಬಣ್ಣ ಬೆರೆಸಿದ ನೀರನ್ನು ಪ್ರತಿಭಟನಾಕಾರರ ಮೇಲೆ ಹಾರಿಸಿದರು. ಬಣ್ಣ ಹತ್ತಿದವರನ್ನು ಆಮೇಲೆ ಹುಡುಕಿ ಹಿಡಿಯೋದು ಪ್ಲಾನ್. ಒಬ್ಬ ಹುಡುಗ ವಾಹನದ ಮೇಲೆ ಹತ್ತಿ ನೀರಿನ ಕೊಳವೆಯನ್ನೇ ತಿರುಗಿಸಿಬಿಟ್ಟ! ಅಕ್ಕಪಕ್ಕದ ಬಿಳಿ ಕಟ್ಟಡಗಳೆಲ್ಲ ನೇರಳೆ. ‘ನೇರಳೆಯವರೇ ಆಳುವರು’ ಅಂತ ಗೋಡೆಬರಹ ಬಂತು.

ನಾಲ್ಕು ದಿನ ಬಿಟ್ಟು, ಕಪ್ಪು ಜನರಿಗೆ ಮತವಿಲ್ಲದ ಚುನಾವಣೆಯ ರಾತ್ರಿ, ಅದೇ ಊರಿನ ಬಡಾವಣೆಗಳಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಸೆಪ್ಟೆಂಬರ್ 13ಕ್ಕೆ ಟುಟು ಮೆರವಣಿಗೆ ಕರೆದರು. ಸುಮಾರು 30,000 ಜನ. ಊರಿನ ಮೇಯರ್ ಗಾರ್ಡನ್ ಆಲಿವರ್ ಬಿಳಿಯ, ಅವನೂ ಮುಂದಿನ ಸಾಲಲ್ಲಿ ನಡೆದ. ಹೊಸ ಅಧ್ಯಕ್ಷ ಡಿ ಕ್ಲರ್ಕ್ ಪೊಲೀಸರನ್ನು ದೂರ ಇಟ್ಟರು. ಜನರನ್ನು ಸಾಲಲ್ಲಿ ಇಟ್ಟವರು ಮೆರವಣಿಗೆಯದೇ ಸ್ವಯಂಸೇವಕರು. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನೋದೇ ಸುದ್ದಿಯಾಯ್ತು. ಅದೇ ಊರು, ಹನ್ನೊಂದು ದಿನದ ಅಂತರ. ಬದಲಾಗಿದ್ದು ಮೇಲಿನ ಆದೇಶ.

(6/8)
ಇನ್ನು ಸರಣಿಯ ಮುಖ್ಯ ಭಾಗ. 1990ರಲ್ಲಿ ಮಂಡೇಲಾ ಬಿಡುಗಡೆ ಆದಮೇಲೆ ಎಲ್ಲ ಶಾಂತವಾಯ್ತು ಅಂತ ನಾವು ಅಂದ್ಕೊಂಡಿರ್ತೀವಿ. ಉಲ್ಟಾ. 1990ರಿಂದ 1994ರ ಚುನಾವಣೆವರೆಗೆ ರಾಜಕೀಯ ಹಿಂಸೆಗೆ ಸುಮಾರು 14,000 ಜನ ಸತ್ತರು. ಎಎನ್‌ಸಿ ಮತ್ತು ಇಂಕಾಥಾ ಪಕ್ಷದವರ ನಡುವೆ ಹೊಡೆದಾಟ, ಪೊಲೀಸರ ಒಂದು ಗುಂಪಿನ ಕೈವಾಡ, ರೈಲಿನಲ್ಲಿ ಕೊಲೆ.

1991ರ ಸೆಪ್ಟೆಂಬರ್ 14ರಂದು ಜೊಹಾನ್ಸ್‌ಬರ್ಗ್‌ನ ಕಾರ್ಲ್‌ಟನ್ ಹೋಟೆಲ್‌ನಲ್ಲಿ ರಾಷ್ಟ್ರೀಯ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಮಂಡೇಲಾ, ಡಿ ಕ್ಲರ್ಕ್, ಇಂಕಾಥಾದ ಬುಥೆಲೆಜಿ ಮೂವರೂ ಇದ್ದರು. ಹೊರಗೆ ಬೀದಿಯಲ್ಲಿ ಇಂಕಾಥಾ ಬೆಂಬಲಿಗರು ಈಟಿ, ದೊಣ್ಣೆ ಹಿಡಿದು ನಿಂತಿದ್ದರು. ಶಾಂತಿ ಒಪ್ಪಂದಕ್ಕೆ ಇದಕ್ಕಿಂತ ಒಳ್ಳೆ ಮುಖಪುಟ ಫೋಟೋ ಸಿಗಲ್ಲ.

ಒಪ್ಪಂದ ದೊಡ್ಡವರದ್ದು, ಕೆಲಸ ಚಿಕ್ಕವರದ್ದು. ದೇಶದಲ್ಲಿ 11 ಪ್ರಾದೇಶಿಕ ಸಮಿತಿ, ಅವುಗಳ ಕೆಳಗೆ 200ಕ್ಕೂ ಹೆಚ್ಚು ಸ್ಥಳೀಯ ಸಮಿತಿ. ಒಂದೇ ಮೇಜಿನ ಸುತ್ತ ಠಾಣಾಧಿಕಾರಿ, ಪಕ್ಷಗಳವರು, ಚರ್ಚಿನವರು, ವ್ಯಾಪಾರಿಗಳು. ಅದರ ಜೊತೆಗೆ ಸಾವಿರಾರು ಶಾಂತಿ ವೀಕ್ಷಕರು. ಗೃಹಿಣಿಯರು, ಪಾದ್ರಿಗಳು, ವಕೀಲರು, ವಿದ್ಯಾರ್ಥಿಗಳು, ನಿರುದ್ಯೋಗಿ ಹುಡುಗರು. ಕೆಲವು ದಿನದ ತರಬೇತಿ, ದೂರದಿಂದ ಗುರುತು ಸಿಗೋ ಹಾಗೆ ಅಂಗಿ ಮೇಲೆ ಪಾರಿವಾಳದ ಚಿಹ್ನೆ, ಸಾಧ್ಯ ಇದ್ದ ಕಡೆ ವಾಕಿಟಾಕಿ. ಆಯುಧ ಇಲ್ಲ. ಅರೆಸ್ಟ್ ಮಾಡೋ ಅಧಿಕಾರ ಇಲ್ಲ. ಯಾರಿಗೂ ಆದೇಶ ಕೊಡೋ ಹಾಗಿಲ್ಲ.

ಹಾಗಾದ್ರೆ ಏನು ಮಾಡ್ತಿದ್ರು? ಹೆಚ್ಚಿನ ಕೆಲಸ ಮೆರವಣಿಗೆಯ ಹಿಂದಿನ ದಿನವೇ ಆಗ್ತಿತ್ತು, ಅದರಲ್ಲಿ ಸಾಹಸ ಏನೂ ಇಲ್ಲ. ಯಾವ ರಸ್ತೆ, ಎಷ್ಟು ಗಂಟೆಗೆ, ಮನವಿ ಪತ್ರ ಯಾರು ತಗೋತಾರೆ, ಜನ ವಾಪಸ್ ಹೋಗೋಕೆ ಬಸ್ ಇದೆಯಾ. ಬಸ್ ಇಲ್ಲದಿದ್ದರೆ ಹಸಿದ ಐದು ಸಾವಿರ ಜನ ಸಂಜೆವರೆಗೆ ರಸ್ತೆಯಲ್ಲಿ ಉಳೀತಾರೆ, ಆಗ ಗಲಾಟೆ ಆಗೋಕೆ ರಾಜಕೀಯ ಕಾರಣವೇ ಬೇಕಿಲ್ಲ. ಮನವಿ ತಗೊಳ್ಳೋ ಅಧಿಕಾರಿ ಬರದೇ ಇದ್ದರೂ ಹಾಗೇ.

ಮೆರವಣಿಗೆ ದಿನ ಜನರ ಜೊತೆ ನಡೀತಿದ್ರು. ನಿಲುಗಡೆ ಬಂದಾಗ ಎರಡು ಸಾಲಿನ ನಡುವೆ ಹೋಗಿ ನಿಲ್ತಿದ್ರು. ಪೊಲೀಸ್ ಅಧಿಕಾರಿಗೆ ‘ಅವರು ಓಡ್ತಿರೋದು ನಿಮ್ಮ ಮೇಲೆ ಬರೋಕಲ್ಲ, ಅದು ಟೋಯಿ-ಟೋಯಿ’ ಅಂತ ಹೇಳಬೇಕಾಗಿತ್ತು. ಟೋಯಿ-ಟೋಯಿ ಅಂದ್ರೆ ಮೊಣಕಾಲು ಎತ್ತೆತ್ತಿ ಕುಣೀತಾ ಮುಂದೆ ಸಾಗೋ ಅಲ್ಲಿನ ಪ್ರತಿಭಟನೆಯ ಹೆಜ್ಜೆ. ಗೊತ್ತಿಲ್ಲದ ಪೊಲೀಸ್ ಹುಡುಗನಿಗೆ ಅದು ದಾಳಿ ಥರ ಕಾಣುತ್ತೆ. ಅದೇ ರೀತಿ ಜನರಿಗೆ, ಪೊಲೀಸರು ಹೆಲ್ಮೆಟ್ ಹಾಕ್ಕೊಂಡ್ರೆ ಗುಂಡು ಗ್ಯಾರಂಟಿ ಅನ್ನೋ ಭಯ. ಆ ಭಯದಲ್ಲೇ ಮೊದಲ ಕಲ್ಲು ಬೀಳುತ್ತೆ. ನಡುವಿನವರ ಕೆಲಸ ಅಂದ್ರೆ ಆ ಹೆದರಿಕೆಯನ್ನು ಎರಡೂ ಕಡೆಗೆ ಅನುವಾದ ಮಾಡಿ ಹೇಳೋದು. ನನ್ನ ಪ್ರಕಾರ ಇಡೀ ಸರಣಿಯಲ್ಲಿ ಅತಿ ಕಷ್ಟದ ಕೆಲಸ ಇದೇ.

ಜೊಹಾನ್ಸ್‌ಬರ್ಗ್ ಪ್ರದೇಶದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪೊಲೀಸ್, ಸೇನೆ, ಎಎನ್‌ಸಿ, ಇಂಕಾಥಾ, ಶಾಂತಿ ಸಮಿತಿ ಎಲ್ಲರ ಪ್ರತಿನಿಧಿಗಳನ್ನೂ ರೇಡಿಯೋ ಸಮೇತ ಒಂದೇ ಕೋಣೆಯಲ್ಲಿ ಕೂರಿಸಿದರು. ವದಂತಿ ಬಂದ ಕೂಡಲೇ ಪಕ್ಕದ ಕುರ್ಚಿಯವರನ್ನೇ ಕೇಳಬಹುದಲ್ಲ! ಕೇಪ್ ಟೌನ್ ಕಡೆ ಈ ಕೆಲಸ ಮಾಡಿದ ಸೂಸನ್ ಕಾಲಿನ್ ಮಾರ್ಕ್ಸ್ 2000ದಲ್ಲಿ ‘ವಾಚಿಂಗ್ ದ ವಿಂಡ್’ ಅನ್ನೋ ಪುಸ್ತಕ ಬರೆದಿದ್ದಾರೆ. ಆಸಕ್ತಿ ಇದ್ದವರು ಹುಡುಕಿ ಓದಿ.

(7/8)
ಇದೆಲ್ಲ ಇದ್ದೂ 1992ರ ಸೆಪ್ಟೆಂಬರ್ 7 ಆಯ್ತು. ಸಿಸ್ಕೈ ಅನ್ನೋ ಹೆಸರಿಗೆ ಮಾತ್ರ ಸ್ವತಂತ್ರವಾದ ಪ್ರದೇಶ, ಅದರ ರಾಜಧಾನಿ ಬಿಶೋ. ಅಲ್ಲಿನ ಸೇನಾ ಆಡಳಿತಗಾರ ಗ್ಕೋಜೋ ಕೆಳಗಿಳಿಯಬೇಕು ಅಂತ ಎಎನ್‌ಸಿಯ ಸುಮಾರು 80,000 ಜನ ನಡೆದರು. ಸ್ಟೇಡಿಯಂವರೆಗೆ ಮಾತ್ರ ಅನುಮತಿ. ಗಡಿಯ ಮುಳ್ಳುತಂತಿ ಹತ್ರ ಶಾಂತಿ ಒಪ್ಪಂದದವರೂ ಇದ್ದರು, ಮಾತುಕತೆ ನಡೀತಿತ್ತು. ಅಷ್ಟರಲ್ಲಿ ಎಎನ್‌ಸಿಯ ರೋನಿ ಕ್ಯಾಸ್ರಿಲ್ಸ್ ಒಂದು ಗುಂಪನ್ನು ಕರ್ಕೊಂಡು ಬೇಲಿಯ ಸಂದಿಯಿಂದ ಊರ ಕಡೆ ಓಡಿದರು. ಸೈನಿಕರು ಎಚ್ಚರಿಕೆ ಕೊಡದೆ ಗುಂಡು ಹಾರಿಸಿದರು. 28 ಪ್ರತಿಭಟನಾಕಾರರು ಸತ್ತರು, ಒಬ್ಬ ಸೈನಿಕನೂ ಸತ್ತ. ಗೋಲ್ಡ್‌ಸ್ಟೋನ್ ಆಯೋಗ ಗುಂಡು ಹಾರಿಸಿದವರನ್ನು ಖಂಡಿಸಿತು, ಕ್ಯಾಸ್ರಿಲ್ಸ್ ನಡೆಯನ್ನೂ ಖಂಡಿಸಿತು. ಕೊಂದವರ ತಪ್ಪು ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಆದರೆ ಗಡಿಯಲ್ಲಿ ನಿಂತು ಮಾತಾಡ್ತಿದ್ದವರ ಬೆನ್ನ ಹಿಂದೆ ಅವರದೇ ಕಡೆಯವರು ಬೇರೆ ಆಟ ಆಡಿದರೆ, ಆ ಮಾತಿಗೆ ಬೆಲೆ ಎಲ್ಲಿಂದ ಬರುತ್ತೆ? 1960ರಲ್ಲಿ ಸರ್ಕಾರ ಮಾಡಿದ್ದನ್ನೇ ಇಲ್ಲಿ ಚಳವಳಿ ಮಾಡಿತು.

1993ರ ಏಪ್ರಿಲ್ 10. ಜನಪ್ರಿಯ ನಾಯಕ ಕ್ರಿಸ್ ಹಾನಿಯನ್ನು ಒಬ್ಬ ಬಿಳಿಯ ಬಲಪಂಥೀಯ ಮನೆ ಮುಂದೆಯೇ ಗುಂಡಿಟ್ಟು ಕೊಂದ. ಕೊಲೆಗಾರನ ಕಾರಿನ ನಂಬರ್ ಪೊಲೀಸರಿಗೆ ಕೊಟ್ಟವರು ನೆರೆಮನೆಯ ಬಿಳಿಯ ಹೆಂಗಸು. ಮಂಡೇಲಾ ಟಿವಿಯಲ್ಲಿ ಬಂದು ಅದನ್ನೇ ಎತ್ತಿ ಹೇಳಿದರು. 14ರಂದು ದೇಶದಾದ್ಯಂತ ಶೋಕಸಭೆ. ಕೇಪ್ ಟೌನ್‌ನಲ್ಲಿ ಚರ್ಚಿನೊಳಗೆ ಹಿಡಿಸದಷ್ಟು ಜನ ಹೊರಗೆ, ಕೈಮೀರಿತು, ಅಂಗಡಿಗಳು ಒಡೆದವು, ವಾಹನಗಳು ಉರಿದವು. ವೀಕ್ಷಕರಿಗೆ ಅವತ್ತು ಎಲ್ಲವನ್ನೂ ತಡೆಯಲು ಆಗಲಿಲ್ಲ. ಆದರೂ ಅವತ್ತು ದೇಶ ಅಂತರ್ಯುದ್ಧಕ್ಕೆ ಬೀಳಲಿಲ್ಲ. ಪೂರ್ತಿ ಶ್ರೇಯಸ್ಸು ಅವರಿಗೇ ಕೊಡೋಕೆ ಆಗಲ್ಲ, ಆಗದೇ ಹೋದದ್ದನ್ನು ಎಣಿಸೋಕೆ ಬರಲ್ಲ. ಈ ಕೆಲಸದ ದುರದೃಷ್ಟವೇ ಅದು, ಯಶಸ್ಸಿನ ಫೋಟೋ ಇರಲ್ಲ.

(8/8)
ಕಲಿತ ಪಾಠವನ್ನು ಕಾನೂನು ಮಾಡಿದರು. 1993ರ ಸಭೆ-ಮೆರವಣಿಗೆ ನಿಯಂತ್ರಣ ಕಾಯ್ದೆ, ಜಾರಿಗೆ ಬಂದದ್ದು 1996ರಲ್ಲಿ. ಅಲ್ಲಿ ಮೆರವಣಿಗೆಗೆ ಅನುಮತಿ ಬೇಡೋದಲ್ಲ, ನೋಟಿಸ್ ಕೊಡೋದು. ಸಂಘಟಕರು, ಪೊಲೀಸರು, ಸ್ಥಳೀಯ ಆಡಳಿತ ಮೂವರೂ ಒಟ್ಟಿಗೆ ಕೂತು ಮಾತಾಡಬೇಕು, ಮೆರವಣಿಗೆಯಲ್ಲಿ ಸಾಕಷ್ಟು ಸ್ವಯಂಸೇವಕರು ಇರಬೇಕು. ನೋಟಿಸ್ ಕೊಡದ ಸಂಘಟಕರಿಗೆ ಜೈಲು ಅನ್ನೋ ಭಾಗವನ್ನು 2018ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ರದ್ದು ಮಾಡಿತು. ಕಾಗದದ ಮೇಲೆ ಚೆನ್ನಾಗಿದೆ.

ಆದರೆ ಶಾಂತಿ ಸಮಿತಿಗಳನ್ನು ಚುನಾವಣೆ ಮುಗಿದ ಮೇಲೆ ಮುಚ್ಚಿದರು. ಪ್ರಜಾಪ್ರಭುತ್ವ ಬಂತಲ್ಲ, ಇನ್ನು ಯಾಕೆ ಬೇಕು ಅಂತ.

2012ರ ಆಗಸ್ಟ್. ಮಾರಿಕಾನಾದಲ್ಲಿ ಲಾನ್ಮಿನ್ ಕಂಪನಿಯ ಪ್ಲಾಟಿನಂ ಗಣಿ. ಬಂಡೆ ಕೊರೆಯುವ ಕಾರ್ಮಿಕರು ತಿಂಗಳಿಗೆ 12,500 ರ‍್ಯಾಂಡ್ ಸಂಬಳ ಕೇಳಿ ಮುಷ್ಕರ ಹೂಡಿ ಗಣಿ ಪಕ್ಕದ ಗುಡ್ಡದ ಮೇಲೆ ಕೂತರು. ಕೈಯಲ್ಲಿ ಈಟಿ, ಮಚ್ಚು. ಮೊದಲ ಕೆಲವು ದಿನದಲ್ಲೇ 10 ಜನ ಸತ್ತಿದ್ದರು, ಅವರಲ್ಲಿ ಇಬ್ಬರು ಪೊಲೀಸರು, ಇಬ್ಬರು ಕಾವಲುಗಾರರು. ಕಾರ್ಮಿಕರದು ಒಂದೇ ಬೇಡಿಕೆ: ಕಂಪನಿಯವರು ಗುಡ್ಡಕ್ಕೆ ಬಂದು ನಮ್ಮ ಜೊತೆ ಮಾತಾಡಲಿ. 15ರಂದು ಹಳೆ ಯೂನಿಯನ್‌ನ ಅಧ್ಯಕ್ಷ ಬಂದ, ಪೊಲೀಸರ ಕವಚದ ವಾಹನದೊಳಗೆ ಕೂತೇ ಧ್ವನಿವರ್ಧಕದಲ್ಲಿ ಮಾತಾಡಿದ. ಯಾರೂ ಕೇಳಲಿಲ್ಲ. 16ರಂದು ಇನ್ನೊಂದು ಯೂನಿಯನ್‌ನ ಜೋಸೆಫ್ ಮಥುಂಜ್ವಾ ಜನರ ಮುಂದೆ ಮಂಡಿಯೂರಿ, ಇಲ್ಲಿಂದ ಹೋಗಿ, ನಿಮ್ಮನ್ನು ಕೊಲ್ತಾರೆ ಅಂತ ಬೇಡಿಕೊಂಡ.

ಅದೇ ದಿನ ಗುಡ್ಡಕ್ಕೆ ಹೋದ ಇನ್ನೊಬ್ಬರು ಪ್ರಿಟೋರಿಯಾದ ಆಂಗ್ಲಿಕನ್ ಬಿಷಪ್ ಜೋ ಸಿಯೋಕಾ. ಯಾರೂ ಕರೆದಿರಲಿಲ್ಲ, 1960ರ ಡಂಕನ್ ಥರವೇ. ಕಾರ್ಮಿಕರ ಜೊತೆ ಮಾತಾಡಿ, ಅವರ ಮಾತು ಹೊತ್ತು ಕಂಪನಿಯ ಕಚೇರಿಗೆ ಹೋದರು. ಕೊಲೆಗಾರರ ಜೊತೆ ಮಾತಿಲ್ಲ, ಮೊದಲು ಆಯುಧ ಇಳಿಸಿ ಗುಡ್ಡ ಬಿಟ್ಟು ಹೋಗಲಿ, ಪ್ರತಿನಿಧಿಗಳನ್ನು ಆರಿಸಲಿ ಅನ್ನೋ ಉತ್ತರ ಸಿಕ್ಕಿತು. ಅದನ್ನಾದ್ರೂ ಹೇಳಿ ಬರ್ತೀನಿ ಅಂತ ಹೊರಟರೆ, ಗುಡ್ಡ ಈಗ ಪೊಲೀಸರ ವಶದಲ್ಲಿದೆ, ಹೋಗುವ ಹಾಗಿಲ್ಲ ಅಂದರು. ಶವ ಸಾಗಿಸುವ ನಾಲ್ಕು ವಾಹನಗಳಿಗೆ ಪೊಲೀಸರು ಬೆಳಗ್ಗೆಯೇ ಹೇಳಿ ಕಳಿಸಿದ್ದರು ಅನ್ನೋದು ಆಮೇಲೆ ವಿಚಾರಣಾ ಆಯೋಗದ ಮುಂದೆ ಬಂತು.

ಸಂಜೆ ನಾಲ್ಕರ ಸುಮಾರಿಗೆ ಗುಂಡು ಶುರುವಾಯ್ತು. ಟಿವಿ ಕ್ಯಾಮೆರಾ ಮುಂದೆ 17 ಜನ, ಕ್ಯಾಮೆರಾ ಇಲ್ಲದ ಪಕ್ಕದ ಬಂಡೆಗಳ ಹತ್ರ ಇನ್ನೂ 17 ಜನ. ಬಿಷಪ್ ಸಿಯೋಕಾ ಆಗ ವಾಪಸ್ ಹೋಗುವ ದಾರಿಯಲ್ಲಿದ್ದರು. ಫೋನ್ ಬಂತು, ಗುಡ್ಡದಿಂದ.